ಹಿಮದ ಹಾದಿಯಲ್ಲಿ ಆಂಟಿಲಾಕ್ ಬ್ರೇಕು

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಕೆನಡಾ, ಅಮೆರಿಕ, ಜರ್ಮನಿ, ಸ್ವೀಡನ್ ಮುಂತಾದ ಶೀತದೇಶಗಳಲ್ಲಿ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಇಂಜಿನಿಯರರಾಗಿಯೂ ಗೃಹಿಣಿಯರಾಗಿಯೂ ನೆಲಸಿದ್ದಾರೆ. ಬಿಸಿಲ ನಾಡಿನಲ್ಲಿ ಬೆಳೆದ ಇವರು, ಹೋದ ಮೊದಲನೆಯ ಚಳಿಗಾಲದಲ್ಲಿಯೇ, ಹಿಮ ಮುಚ್ಚಿದ ರಸ್ತೆಗಳಲ್ಲಿ ತಾವೇ ಮೋಟಾರು ನಡೆಸಿಕೊಂಡು ಕೆಲಸಕ್ಕೂ ಮಕ್ಕಳ ಶಾಲೆಗೂ ಹೋಗಬೇಕಾಗುವುದು. ಇಲ್ಲಿರುವ ತಂದೆತಾಯಿಗಳು ಅದನ್ನು ನೆನೆದು ಕಳವಳಪಡುವುದು ಸಹಜವೇ ಸರಿ. ಆಗ ಅವರಿಗೆ ದೊರೆಯುವ ಸಮಾಧಾನದ ಮಾತು ಸಾಮಾನ್ಯವಾಗಿ ಒಂದೇ: “ಕಾರಿನಲ್ಲಿ ಎ.ಬಿ.ಎಸ್. ಬ್ರೇಕು ಇದೆಯಮ್ಮಾ, ಹೆದರಬೇಡಿ.” ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಉಳಿದ ಅರ್ಧವನ್ನು ಅರಿಯದೆ ಹಿಮದ ಮೇಲೆ ಬಂಡಿ ನಡೆಸುವವರಿಗೆ ಅದೇ ಸಮಾಧಾನವು ಅಪಾಯಕ್ಕೆ ಕಾರಣವಾಗಬಹುದು. ಆದುದರಿಂದ ಈ ಬ್ರೇಕು ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಯುವಂತೆ ವಿವರಿಸಲು ಇಲ್ಲಿ ಯತ್ನಿಸುತ್ತೇವೆ.

ಮೊದಲು ಬಂಡಿಯು ನಿಲ್ಲುವುದು ಹೇಗೆಂಬುದನ್ನು ವಿಚಾರಿಸೋಣ. ಬ್ರೇಕು ಬಂಡಿಯನ್ನು ನಿಲ್ಲಿಸುವುದೆಂದು ನಾವು ಹೇಳುತ್ತೇವಷ್ಟೆ. ನಿಜವಾಗಿ ನೋಡಿದರೆ ಬ್ರೇಕು ನಿಲ್ಲಿಸುವುದು ಗಾಲಿಯನ್ನು. ಬಂಡಿಯನ್ನು ನಿಲ್ಲಿಸುವುದು ರಸ್ತೆ. ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗವು ಹೆಚ್ಚುಕಡಮೆ ನಮ್ಮ ಅಂಗೈಯಷ್ಟು ಮಾತ್ರ. ಒಂದು ಸಾವಿರ ಕಿಲೋಗ್ರಾಮಿಗೂ ಮೇಲ್ಪಟ್ಟ ಭಾರದ ಬಂಡಿಯನ್ನು ಹಿಡಿದು ನಿಲ್ಲಿಸುವ ಕೆಲಸವೆಲ್ಲವೂ ಇಂಥ ನಾಲ್ಕು ಅಂಗೈಗಳ ಪಾಲಿಗೆ ಬಿದ್ದಿದೆ. ಅವು ನೆಲವನ್ನು ಹಿಡಿಯುವ ಶಕ್ತಿಗೆ ಘರ್ಷಣೆಯೆಂದು ಹೆಸರು. ನೆಲವು ಹಿಡಿತ ಕೊಡದಿದ್ದರೆ ಎಷ್ಟು ಉತ್ತಮವಾದ ಬ್ರೇಕಿದ್ದರೂ ಪ್ರಯೋಜನವಿಲ್ಲ.

ಘರ್ಷಣೆಯ ಒಂದು ಗುಣವನ್ನು ಗೃಹಿಣಿಯರೆಲ್ಲರೂ ಬಲ್ಲರು. ಅಕ್ಕಿ ತುಂಬಿದ ಪೆಟ್ಟಿಗೆಯನ್ನು ನೆಲದ ಮೇಲೆ ತಳ್ಳುವಾಗ ಮೊದಲು ಅದನ್ನು ಕದಲಿಸುವುದೇ ಕಷ್ಟ. ಒಮ್ಮೆ ಕದಲಿತೆಂದರೆ ಮುಂದಕ್ಕೆ ಸಾಗಿಸುವುದು ಅಷ್ಟು ಕಷ್ಟವಲ್ಲ. ಅಂದರೆ ಜಾರದೆ ನಿಂತಿರುವ ವಸ್ತುವಿನ ಹಿಡಿತವು ಜಾರುತ್ತಿರುವ ವಸ್ತುವಿನ ಹಿಡಿತಕ್ಕಿಂತ ಹೆಚ್ಚು. ಉರುಳುವ ಗಾಲಿಯಲ್ಲಿ, ನೆಲ ಮುಟ್ಟಿದ ಭಾಗವು ಆ ಕ್ಷಣದ ಮಟ್ಟಿಗೆ ನೆಲದ ಮೇಲೆ ಜಾರದೆ ನಿಂತಂತೆಯೇ ಇರುವುದು. ಆದಕಾರಣ ಅದರ ಹಿಡಿತವು ಬಲವಾದುದು. ಆದರೆ ಬ್ರೇಕನ್ನು ಬಲವಾಗಿ ತುಳಿದು ಗಾಲಿಯ ತಿರುಗಾಟವನ್ನೇ ನಿಲ್ಲಿಸಿಬಿಟ್ಟರೆ, ಟೈರು ಆ ಪೆಟ್ಟಿಗೆಯಂತೆ ನೆಲವನ್ನು ಉಜ್ಜುತ್ತ ಜಾರತೊಡಗುವುದು. ಗಾಲಿ ಹೀಗೆ ಬಿಗಿದುಕೊಂಡು ನಿಲ್ಲುವುದನ್ನೇ ಲಾಕ್ ಆಗುವುದೆಂದು ಹೇಳುತ್ತಾರೆ.

ಇದರಿಂದಾಗುವ ಇನ್ನೊಂದು ಹಾನಿಯು ಮೊದಲಿನದಕ್ಕಿಂತಲೂ ದೊಡ್ಡದು. ಟೈರಿನ ಹಿಡಿತವು ಎರಡು ಕೆಲಸಗಳನ್ನು ನಡೆಸಬೇಕು. ಬಂಡಿಯ ವೇಗವನ್ನು ತಗ್ಗಿಸುವುದು ಒಂದು, ಅದನ್ನು ಬೇಕಾದ ಕಡೆಗೆ ತಿರುಗಿಸುವುದು ಇನ್ನೊಂದು. ಕೈಯಲ್ಲಿರುವ ಒಂದು ರೂಪಾಯಿಯನ್ನು ಒಂದೇ ಸಾಮಾನಿಗೆ ಖರ್ಚುಮಾಡಿಬಿಟ್ಟರೆ ಇನ್ನೊಂದಕ್ಕೆ ಏನೂ ಉಳಿಯದಷ್ಟೆ. ಹಾಗೆಯೇ ಮುಂದಿನ ಗಾಲಿಗಳು ಬಿಗಿದುಕೊಂಡು ಜಾರತೊಡಗಿದರೆ ತಿರುಗಿಸುವ ಕೆಲಸಕ್ಕೆ ಹಿಡಿತವೇ ಉಳಿಯುವುದಿಲ್ಲ. ನಡೆಸುವವರು ಸ್ಟೀರಿಂಗನ್ನು ಎಡಕ್ಕಾಗಲಿ ಬಲಕ್ಕಾಗಲಿ ಎಷ್ಟು ತಿರುಗಿಸಿದರೂ ಬಂಡಿಯು ಹೊರಟ ದಿಕ್ಕಿನಲ್ಲಿಯೇ ನೆಟ್ಟಗೆ ಜಾರುವುದು. ಹಿಂದಿನ ಗಾಲಿಗಳು ಮೊದಲು ಬಿಗಿದುಕೊಂಡರೆ ಬಂಡಿಯು ಬುಗುರಿಯಂತೆ ಸುತ್ತಲೂಬಹುದು.

ಇನ್ನು ಮಂಜುಗಡ್ಡೆಯ ವಿಷಯಕ್ಕೆ ಬರೋಣ. ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಪಾಚಿ ಕಟ್ಟಿದಾಗ ಕಾಲು ಜಾರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕಲ್ಲಿಗೂ ಕಾಲಿಗೂ ನಡುವೆ ನೀರಿನಿಂದ ನೆನೆದ ತೆಳುವಾದ ಪದರವೊಂದು ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಮಂಜುಗಡ್ಡೆಯು ಇಂಥ ಪದರವನ್ನು ತಾನೇ ಹೊತ್ತುಕೊಂಡಿರುವುದು. ಅದರ ಮೇಲ್ಮೈಯಲ್ಲಿ, ಕರಗುವ ಉಷ್ಣತೆಗಿಂತ ಕೆಳಗಿನ ಚಳಿಯಲ್ಲಿಯೂ, ನೀರಿನಂಥ ಅತಿ ತೆಳುವಾದ ಪೊರೆಯೊಂದು ಇರುವುದೆಂದು ಮೈಕೇಲ್ ಫ್ಯಾರಡೆಯವರು ೧೮೫೦ರಲ್ಲಿಯೇ ಸೂಚಿಸಿದ್ದರು. ಜಾರುವ ಟೈರಿನ ಉಜ್ಜುವಿಕೆಯಿಂದ ಹುಟ್ಟುವ ಶಾಖವು ಇನ್ನಷ್ಟು ನೀರನ್ನು ಉಂಟುಮಾಡುವುದು. ಆದುದರಿಂದ ಹೊಸಬರು ಎಣಿಸುವುದಕ್ಕೆ ವಿರುದ್ಧವಾಗಿ, ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಕಡು ಚಳಿಯ ಮಂಜುಗಡ್ಡೆಗಿಂತ ಸೊನ್ನೆ ಡಿಗ್ರಿಯ ಹತ್ತಿರದ, ಕರಗಲು ತೊಡಗಿದ ಮಂಜುಗಡ್ಡೆಯೇ ಹೆಚ್ಚು ಜಾರುವುದು.

ಗಾಲಿ ಬಿಗಿದುಕೊಳ್ಳದಂತೆ ಮಾಡುವ ಪ್ರಯತ್ನವು ಫಲಿಸಿದ್ದು ಮೊದಲು ವಿಮಾನಗಳಲ್ಲಿ. ಇಂಗ್ಲೆಂಡಿನ ಡನ್ಲಪ್ ಕಂಪನಿಯವರು ೧೯೫೦ರ ದಶಕದ ಆರಂಭದಲ್ಲಿ ಮ್ಯಾಕ್ಸರೆಟ್ ಎಂಬ ಯಂತ್ರವನ್ನು ಬಳಕೆಗೆ ತಂದರು. ನೀರು ನಿಂತ ಇಲ್ಲವೆ ಮಂಜುಗಟ್ಟಿದ ಓಟದ ಹಾದಿಯಲ್ಲಿ ಇಳಿಯುವ ವಿಮಾನದ ಗಾಲಿಗಳು ಜಾರಿ ಟೈರು ಒಡೆಯದಂತೆ ಅದು ಕಾಪಾಡುತ್ತಿತ್ತು. ಅದೇ ಯಂತ್ರವನ್ನು ೧೯೫೮ರಲ್ಲಿ ಇಂಗ್ಲೆಂಡಿನ ರಸ್ತೆ ಸಂಶೋಧನಾಲಯದವರು ರಾಯಲ್ ಎನ್‌ಫೀಲ್ಡ್ ಮೋಟಾರು ಸೈಕಲಿಗೆ ಅಳವಡಿಸಿ ಪರೀಕ್ಷಿಸಿದರು. ೧೯೬೬ರ ಜೆನ್ಸನ್ ಎಫ್.ಎಫ್. ಎಂಬ ಕಾರಿನಲ್ಲಿಯೂ ಅದನ್ನೇ ಇಟ್ಟಿದ್ದರು. ಇಂದು ನಾವು ಕಾಣುವ, ವಿದ್ಯುನ್ಮಾನ ಯಂತ್ರದಿಂದ ನಡೆಯುವ ಎ.ಬಿ.ಎಸ್. ಬ್ರೇಕು ಜರ್ಮನಿಯ ಬಾಷ್ ಕಂಪನಿಯವರಿಂದ ಸಿದ್ಧವಾಗಿ ೧೯೭೮ರಲ್ಲಿ ಮರ್ಸಿಡಿಸ್ ಕಾರುಗಳಲ್ಲಿ ಬಂದಿತು. ಉತ್ತರ ಸ್ವೀಡನ್ನಿನ ಅರ್ಯೆಪ್ಲಾಗ್ ಎಂಬ ಊರಿನ ಬಳಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರಗಳ ಮೇಲೆ, ಕಾರಿನ ಕಂಪನಿಗಳವರು ಇಂದಿಗೂ ವರ್ಷವರ್ಷವೂ ಬಂದು ಇಂಥ ಬ್ರೇಕುಗಳನ್ನು ಪರೀಕ್ಷಿಸುತ್ತಾರೆ.

ಇದು ಕೆಲಸಮಾಡುವ ಬಗೆಯು ತಿಳಿಯಲು ಕಠಿನವಲ್ಲ. ಒಂದೊಂದು ಗಾಲಿಯ ಬಳಿಯಲ್ಲಿಯೂ ಅದರ ವೇಗವನ್ನು ಅಳೆಯುವ ಸಣ್ಣ ಉಪಕರಣವೊಂದಿರುವುದು. ಬಂಡಿಯು ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವಾಗ ಒಂದು ಗಾಲಿಯು ೪೫ ಕಿಲೋಮೀಟರಿಗೆ ಸರಿಯಾದಷ್ಟು ಮಾತ್ರ ಉರುಳುತ್ತಿದ್ದರೆ ಅದು ಶೇಕಡಾ ೧೦ರಷ್ಟು ಜಾರುತ್ತಿದೆಯೆಂದು ಅರ್ಥ. ಗಟ್ಟಿಯಾದ ರಸ್ತೆಯಲ್ಲಿ ಟೈರಿನ ಹಿಡಿತವು ಅತ್ಯಂತ ಬಲವಾಗಿರುವುದು ಶೇಕಡಾ ೧೦ರಿಂದ ೨೦ರವರೆಗಿನ ಇಂಥ ಅಲ್ಪ ಜಾರುವಿಕೆಯಲ್ಲಿ. ಗಾಲಿ ಪೂರ್ತಿಯಾಗಿ ಬಿಗಿದರೆ ಹಿಡಿತವು ತಗ್ಗುವುದು. ಯಾವುದಾದರೊಂದು ಗಾಲಿಯ ವೇಗವು ಥಟ್ಟನೆ ಕುಸಿಯುವುದನ್ನು ಕಂಡೊಡನೆ ಎ.ಬಿ.ಎಸ್. ಯಂತ್ರವು ಕವಾಟವನ್ನು ತೆರೆದು ಆ ಗಾಲಿಯ ಬ್ರೇಕಿನ ಒತ್ತಡವನ್ನು ಸಡಿಲಿಸುವುದು. ಗಾಲಿ ಮತ್ತೆ ಉರುಳತೊಡಗಿದೊಡನೆ ಒತ್ತಡವನ್ನು ಮತ್ತೆ ಏರಿಸುವುದು. ಈ ಬಿಡುವುದು ಹಿಡಿಯುವುದು ಒಂದು ಸೆಕೆಂಡಿನಲ್ಲಿ ಅನೇಕ ಸಲ ನಡೆಯುವುದು. ಮನುಷ್ಯನ ಕಾಲಿಗೆ ಇಷ್ಟು ಚುರುಕು ಸಾಧ್ಯವಿಲ್ಲ. ನಾಲ್ಕು ಗಾಲಿಗಳನ್ನು ಬೇರೆಬೇರೆಯಾಗಿ ನೋಡಿಕೊಳ್ಳುವುದಂತೂ ಅಸಾಧ್ಯ.

ಹಾಗಾದರೆ ಈ ಬ್ರೇಕು ಮಂಜುಗಡ್ಡೆಯ ಮೇಲೆ ಬಂಡಿಯನ್ನು ಬೇಗ ನಿಲ್ಲಿಸಬೇಡವೆ ಎಂದು ವಾಚಕರು ಕೇಳಬಹುದು. ಇಲ್ಲಿಯೇ ನಾವು ಎಚ್ಚರದಿಂದ ಲೆಕ್ಕ ಹಾಕಬೇಕು. ಒಣಗಿದ ಡಾಂಬರು ರಸ್ತೆಯ ಹಿಡಿತವನ್ನು ಬಂಡಿಯ ಭಾರದ ಹತ್ತರಲ್ಲಿ ಎಂಟು ಪಾಲೆಂದು ಇಟ್ಟುಕೊಂಡರೆ, ತುಳಿದು ಗಟ್ಟಿಯಾದ ಹಿಮದ ಮೇಲೆ ಅದು ಸುಮಾರು ಎರಡೂವರೆ ಪಾಲು. ಮಂಜುಗಡ್ಡೆಯ ಮೇಲೆ ಸುಮಾರು ಒಂದೇ ಪಾಲು, ಕರಗುತ್ತಿರುವ ಮಂಜುಗಡ್ಡೆಯ ಮೇಲೆ ಅದಕ್ಕಿಂತಲೂ ಕಡಮೆ. ಈ ಲೆಕ್ಕದಂತೆ ಗಂಟೆಗೆ ೫೦ ಕಿಲೋಮೀಟರು ವೇಗದ ಕಾರು, ಬ್ರೇಕು ಹಿಡಿದ ಮೇಲೆ, ಒಣ ರಸ್ತೆಯಲ್ಲಿ ೧೨ ಮೀಟರಿನಲ್ಲಿಯೂ, ಗಟ್ಟಿ ಹಿಮದ ಮೇಲೆ ೩೯ ಮೀಟರಿನಲ್ಲಿಯೂ, ಮಂಜುಗಡ್ಡೆಯ ಮೇಲೆ ೯೮ ಮೀಟರಿನಲ್ಲಿಯೂ ನಿಲ್ಲುವುದು. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿನಲ್ಲಿ ಬಂಡಿಯು ಸಾಗುವ ೧೪ ಮೀಟರು ಇದಕ್ಕೆ ಬೇರೆ ಸೇರಬೇಕು. ಎ.ಬಿ.ಎಸ್. ಬ್ರೇಕು ಇರುವ ಹಿಡಿತವನ್ನು ಚೆನ್ನಾಗಿ ಬಳಸಬಲ್ಲುದೇ ಹೊರತು, ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು. ನುಣುಪಾದ ಮಂಜುಗಡ್ಡೆಯ ಮೇಲೆ ಅದರಿಂದ ನಿಲ್ಲುವ ದೂರವು ಸ್ವಲ್ಪ ಕಡಮೆಯಾದರೂ ಆಗಬಹುದು, ಹೆಚ್ಚು ವ್ಯತ್ಯಾಸವಾಗದೆಯೂ ಇರಬಹುದು. ೯೮ ಮೀಟರನ್ನು ೧೨ ಮೀಟರಾಗಿ ಮಾಡುವ ಶಕ್ತಿಯು ಅದಕ್ಕಿಲ್ಲ.

ಆಗತಾನೆ ಬಿದ್ದ ಸಡಿಲವಾದ ಹಿಮದಲ್ಲಿ ಎ.ಬಿ.ಎಸ್. ಬಂಡಿಯು ಸಾಮಾನ್ಯ ಬ್ರೇಕಿನ ಬಂಡಿಗಿಂತ ಹೆಚ್ಚು ದೂರ ಹೋಗಿ ನಿಲ್ಲುವುದೂ ಉಂಟು. ಇದು ಕೇಳಲು ಸೋಜಿಗವಾದರೂ ಕಾರಣವು ಸರಳವಾಗಿದೆ. ಹೊಳೆಯ ದಂಡೆಯ ಮರಳಿನಲ್ಲಿ ಕಾಲನ್ನು ಎತ್ತದೆ ಎಳೆದುಕೊಂಡು ಹೋದರೆ ಪಾದದ ಮುಂದೆ ಮರಳು ಗುಡ್ಡೆಯಾಗಿ ಅಡ್ಡಬರುವುದಷ್ಟೆ. ಹಾಗೆಯೇ ಬಿಗಿದುಕೊಂಡ ಗಾಲಿಯು ಸಡಿಲ ಹಿಮವನ್ನು ಉತ್ತು ತನ್ನ ಮುಂದೆ ರಾಶಿಮಾಡುವುದು. ಆ ರಾಶಿಯೇ ಅಡ್ಡಗಟ್ಟೆಯಾಗಿ ಬಂಡಿಯನ್ನು ತಡೆಯುವುದು. ಎ.ಬಿ.ಎಸ್. ಗಾಲಿಯು ಉರುಳುತ್ತಲೇ ಇರುವುದರಿಂದ ಆ ರಾಶಿಯ ಮೇಲೆ ಹತ್ತಿ ಹೋಗಿಬಿಡುವುದು. ಸಡಿಲವಾದ ಜಲ್ಲಿಕಲ್ಲಿನ ಮೇಲೆಯೂ ಇದೇ ನಿಯಮ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯವರು ೧೯೯೯ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಬಹುತೇಕ ನೆಲಗಳ ಮೇಲೆ ಎ.ಬಿ.ಎಸ್. ಬಂಡಿಗಳು ಕಡಮೆ ದೂರದಲ್ಲಿಯೇ ನಿಂತವು. ಸಡಿಲ ಜಲ್ಲಿಯ ಮೇಲೆ ಮಾತ್ರ ಸರಾಸರಿ ಶೇಕಡಾ ೨೭ರಷ್ಟು ಹೆಚ್ಚು ದೂರ ಹೋದವು.

ಹೀಗಿದ್ದ ಮೇಲೆ ಈ ಬ್ರೇಕಿನಿಂದ ಲಾಭವೇನು? ಲಾಭವು ದೊಡ್ಡದೇ ಇದೆ; ಆದರೆ ಅದು ದೂರದಲ್ಲಿಲ್ಲ, ದಿಕ್ಕಿನಲ್ಲಿದೆ. ಗಾಲಿಗಳು ಉರುಳುತ್ತಿರುವವರೆಗೆ ಅವು ಸ್ಟೀರಿಂಗಿನ ಮಾತನ್ನು ಕೇಳುವುವು. ರಸ್ತೆಯ ನಡುವೆ ಮಗುವೊಂದು ಬಂದರೆ, ಬ್ರೇಕನ್ನು ಪೂರ್ತಿಯಾಗಿ ತುಳಿದಿರುವಾಗಲೇ, ಬಂಡಿಯನ್ನು ಪಕ್ಕಕ್ಕೆ ತಿರುಗಿಸಿ ಮಗುವನ್ನು ಉಳಿಸಲು ಅವಕಾಶವುಂಟು. ಬಿಗಿದ ಗಾಲಿಯ ಬಂಡಿಗೆ ಈ ಅವಕಾಶವಿಲ್ಲ. ಶೀತದೇಶಗಳಲ್ಲಿ ರಸ್ತೆಯ ಒಂದು ಪಕ್ಕವು ಬಿಸಿಲಿಗೆ ಒಣಗಿದ್ದು ಇನ್ನೊಂದು ಪಕ್ಕದಲ್ಲಿ ಮಂಜುಗಡ್ಡೆ ಉಳಿದಿರುವುದು ಸಾಮಾನ್ಯ. ಅಲ್ಲಿ ಸಾಧಾರಣ ಬ್ರೇಕನ್ನು ಬಲವಾಗಿ ಹಿಡಿದರೆ ಒಣಗಿದ ಕಡೆಯ ಗಾಲಿಗಳು ಮಾತ್ರ ಹಿಡಿದು ಬಂಡಿಯು ಗಿರ್ರನೆ ತಿರುಗುವ ಭಯವುಂಟು. ಎ.ಬಿ.ಎಸ್. ಪ್ರತಿಯೊಂದು ಗಾಲಿಯ ಸ್ಥಿತಿಯನ್ನು ಗಮನಿಸುವುದರಿಂದ ಬಂಡಿಯನ್ನು ಬಹುಮಟ್ಟಿಗೆ ನೇರವಾಗಿ ಇಡುವುದು. ಒಂದು ಮಾತನ್ನು ಮಾತ್ರ ಮರೆಯಬಾರದು. ತಿರುಗುವುದಕ್ಕೂ ಅದೇ ಅಲ್ಪ ಹಿಡಿತವೇ ಆಧಾರ. ಮಂಜುಗಡ್ಡೆಯ ಮೇಲೆ ಸ್ಟೀರಿಂಗನ್ನು ಒಮ್ಮೆಲೇ ಬಹಳವಾಗಿ ತಿರುಗಿಸಿದರೆ ಮುಂದಿನ ಗಾಲಿಗಳು ಅಡ್ಡಡ್ಡಲಾಗಿ ಜಾರುವುವು. ಮೆಲ್ಲಗೆ, ಬೇಕಾದಷ್ಟೇ ತಿರುಗಿಸತಕ್ಕದ್ದು.

ಈ ಬ್ರೇಕನ್ನು ಬಳಸುವ ಕ್ರಮವು ಹಳೆಯ ಕ್ರಮಕ್ಕಿಂತ ಬೇರೆಯಾದುದು. ಸಾಧಾರಣ ಬ್ರೇಕಿನ ಬಂಡಿಯನ್ನು ಜಾರುವ ನೆಲದ ಮೇಲೆ ನಿಲ್ಲಿಸುವಾಗ ಪೆಡಲನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಹಿಡಿಯಬೇಕೆಂದು ಹಿಂದಿನವರು ಕಲಿಸುತ್ತಿದ್ದರು. ಆ ಕೆಲಸವನ್ನು ಯಂತ್ರವೇ ಮಾಡುವುದರಿಂದ ಎ.ಬಿ.ಎಸ್. ಬಂಡಿಯಲ್ಲಿ ಹಾಗೆ ಮಾಡಬಾರದು. ಮಾಡಿದರೆ ಯಂತ್ರದ ಕೆಲಸಕ್ಕೆ ವಿಘ್ನವಾಗಿ ದೂರವು ಹೆಚ್ಚುವುದು. ಆಪತ್ತು ಬಂದಾಗ ಪೆಡಲನ್ನು ಬಲವಾಗಿ ತುಳಿದು, ಕಾಲನ್ನು ಎತ್ತದೆ, ಹೋಗಬೇಕಾದ ಕಡೆಗೆ ದೃಷ್ಟಿಯಿಟ್ಟು ಸ್ಟೀರಿಂಗನ್ನು ನಡೆಸಬೇಕು. ಆಗ ಪೆಡಲು ಪಾದದ ಕೆಳಗೆ ಥರಥರನೆ ನಡುಗುವುದು. ಗರಗರ ಶಬ್ದವೂ ಕೇಳಿಸುವುದು. ಇದನ್ನರಿಯದ ಹೊಸಬರು ಬ್ರೇಕು ಮುರಿಯಿತೆಂದು ಬೆದರಿ ಕಾಲನ್ನು ತೆಗೆದುಬಿಡುವುದುಂಟು. ಯಂತ್ರವು ಕೆಲಸಮಾಡುತ್ತಿರುವಾಗಲೇ ಅದನ್ನು ಕೈಬಿಟ್ಟಂತಾಗುವುದು. ಆದುದರಿಂದ ಚಳಿಗಾಲದ ಮೊದಲನೆಯ ಹಿಮ ಬಿದ್ದ ದಿನ, ಜನರಿಲ್ಲದ ವಿಶಾಲವಾದ ಬಯಲಿನಲ್ಲಿ, ಅನುಮತಿಯಿರುವ ಕಡೆ, ಬಲ್ಲವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಮಂದವೇಗದಲ್ಲಿ ಒಂದೆರಡು ಸಲ ಬ್ರೇಕನ್ನು ಬಲವಾಗಿ ತುಳಿದು ಆ ನಡುಕವನ್ನು ಪರಿಚಯಮಾಡಿಕೊಳ್ಳುವುದು ಒಳ್ಳೆಯದು.

ಬಂಡಿಯನ್ನು ಹೊರಡಿಸಿದಾಗ ಎ.ಬಿ.ಎಸ್. ಎಂಬ ಅಕ್ಷರಗಳ ದೀಪವು ಹೊತ್ತಿ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ಯಂತ್ರವು ಕೆಟ್ಟಿದೆಯೆಂದು ತಿಳಿಯಬೇಕು. ಸಾಮಾನ್ಯ ಬ್ರೇಕು ಆಗಲೂ ಕೆಲಸಮಾಡುವುದಾದರೂ ಗಾಲಿ ಬಿಗಿಯದಂತೆ ಕಾಪಾಡುವವರಿಲ್ಲ. ತಡಮಾಡದೆ ರಿಪೇರಿ ಮಾಡಿಸತಕ್ಕದ್ದು. ನಾಲ್ಕು ಗಾಲಿಗಳಿಗೂ ಇಂಜಿನಿನ ಶಕ್ತಿ ಹೋಗುವ ಬಂಡಿಗಳಿದ್ದವರು ತಮಗೆ ಭಯವಿಲ್ಲವೆಂದು ಎಣಿಸುವುದುಂಟು. ಆ ಏರ್ಪಾಡು ಹೊರಡುವುದಕ್ಕೂ ಏರುವುದಕ್ಕೂ ಸಹಾಯಮಾಡುವುದು, ನಿಲ್ಲುವುದಕ್ಕಲ್ಲ. ನಿಲ್ಲಲು ನಿಜವಾಗಿ ಸಹಾಯಮಾಡುವುದು ಚಳಿಗಾಲದ ಟೈರು. ಸಾಧಾರಣ ಟೈರಿನ ರಬ್ಬರು ಸುಮಾರು ೭ ಡಿಗ್ರಿ ಸೆಲ್ಸಿಯಸಿಗಿಂತ ಕೆಳಗಿನ ಚಳಿಯಲ್ಲಿ ಬಿರುಸಾಗಿ ಹಿಡಿತ ಕಳೆದುಕೊಳ್ಳತೊಡಗುವುದು. ಚಳಿಗಾಲದ ಟೈರಿನ ರಬ್ಬರು ಮೆತ್ತಗೆ ಉಳಿಯುವುದಲ್ಲದೆ, ಅದರ ಮೈಮೇಲಿನ ಸಣ್ಣ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುವುವು. ಮೂರು ಶಿಖರಗಳ ಬೆಟ್ಟವೂ ಅದರೊಳಗೆ ಹಿಮದ ಹರಳೂ ಇರುವ ಗುರುತು ಅದರ ಪಕ್ಕದಲ್ಲಿರುವುದು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಕಾರುಗಳಿಗೆ ಇಂಥ ಟೈರು ಕಡ್ಡಾಯ. ಸ್ವೀಡನ್ನಿನಲ್ಲಿ ಡಿಸೆಂಬರ್ ೧ರಿಂದ ಮಾರ್ಚ್ ೩೧ರವರೆಗೆ ರಸ್ತೆಯಲ್ಲಿ ಹಿಮ ಮಂಜುಗಡ್ಡೆಗಳಿದ್ದಾಗ ಕಡ್ಡಾಯ. ಕಾನೂನು ಕೇಳದ ಊರಿನಲ್ಲಿಯೂ, ಅಲ್ಲಿ ಹಿಮ ಬೀಳುವುದಾದರೆ, ಈ ಖರ್ಚನ್ನು ಉಳಿಸತಕ್ಕದ್ದಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು ವೇಗ. ನಿಲ್ಲುವ ದೂರವು ವೇಗದೊಡನೆ ಸಮನಾಗಿ ಬೆಳೆಯದೆ ವೇಗದ ವರ್ಗದಂತೆ ಬೆಳೆಯುವುದೆಂದು ನಮ್ಮ ವಿದ್ಯಾರ್ಥಿನಿಯರು ಭೌತಶಾಸ್ತ್ರದಲ್ಲಿ ಓದಿದ್ದಾರೆ. ವೇಗವನ್ನು ಅರ್ಧಮಾಡಿದರೆ ದೂರವು ಕಾಲುಭಾಗವಾಗುವುದು. ಮಂಜುಗಡ್ಡೆಯ ಮೇಲೆ ಗಂಟೆಗೆ ೫೦ ಕಿಲೋಮೀಟರಿಗೆ ೯೮ ಮೀಟರು ಬೇಕಾದರೆ ೨೫ ಕಿಲೋಮೀಟರಿಗೆ ೨೫ ಮೀಟರಿನೊಳಗೆ ಸಾಕು. ಯಾವ ಯಂತ್ರವೂ ಕೊಡಲಾರದ ಈ ಲಾಭವನ್ನು ನಡೆಸುವವರ ಬಲಗಾಲು ಖರ್ಚಿಲ್ಲದೆ ಕೊಡಬಲ್ಲುದು. ಸೇತುವೆಗಳ ಮೇಲೆಯಂತೂ ವಿಶೇಷ ಎಚ್ಚರ ಬೇಕು. ಸೇತುವೆಯ ಕೆಳಗೂ ಮೇಲೂ ಚಳಿಗಾಳಿ ಬೀಸುವುದರಿಂದ ಉಳಿದ ರಸ್ತೆಗಿಂತ ಮೊದಲು ಅಲ್ಲಿ ನೀರು ಹೆಪ್ಪುಗಟ್ಟುವುದು. ಆ ಪದರವು ಗಾಜಿನಂತೆ ಪಾರದರ್ಶಕವಾಗಿದ್ದು ಕೆಳಗಿನ ಕಪ್ಪು ಡಾಂಬರೇ ಕಾಣುವುದರಿಂದ, ನೋಡುವವರಿಗೆ ರಸ್ತೆಯು ಸುಮ್ಮನೆ ಒದ್ದೆಯಾದಂತೆ ತೋರುವುದು.

ಯಂತ್ರವನ್ನು ನಂಬಿ ಮನುಷ್ಯನು ಎಚ್ಚರವನ್ನು ಬಿಡುವನೆಂಬುದಕ್ಕೆ ನಿದರ್ಶನವೂ ಇದೆ. ೧೯೮೦ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎ.ಬಿ.ಎಸ್. ಇಟ್ಟು, ಕೆಲವಕ್ಕೆ ಇಡದೆ, ಅವುಗಳ ಅಪಘಾತಗಳನ್ನು ಕೆಲವು ವರ್ಷ ಎಣಿಸಿದರು. ಎರಡು ಗುಂಪುಗಳಲ್ಲಿಯೂ ಅಪಘಾತಗಳು ಹೆಚ್ಚುಕಡಮೆ ಸಮನಾಗಿದ್ದುವು. ಎ.ಬಿ.ಎಸ್. ಇದ್ದ ಟ್ಯಾಕ್ಸಿಯವರು ಮುಂದಿನ ಬಂಡಿಗೆ ಹೆಚ್ಚು ಹತ್ತಿರವಾಗಿಯೂ ತಿರುವುಗಳಲ್ಲಿ ಹೆಚ್ಚು ಬಿರುಸಾಗಿಯೂ ನಡೆಸುತ್ತಿದ್ದುದನ್ನು ಪರೀಕ್ಷಕರು ಕಂಡರು. ಯಂತ್ರವು ಉಳಿಸಿಕೊಟ್ಟ ಕ್ಷೇಮವನ್ನು ಅವರು ವೇಗಕ್ಕಾಗಿ ವ್ಯಯಮಾಡಿಬಿಟ್ಟರು. ಅಮೆರಿಕದ ಹೆದ್ದಾರಿ ಇಲಾಖೆಯ ೨೦೦೯ರ ವರದಿಯಂತೆ ಎ.ಬಿ.ಎಸ್. ಬ್ರೇಕು ಕಾರುಗಳ ಪ್ರಾಣಾಪಾಯವಿಲ್ಲದ ಅಪಘಾತಗಳನ್ನು ಶೇಕಡಾ ೬ರಷ್ಟು ತಗ್ಗಿಸಿತು. ಪ್ರಾಣಾಂತಿಕ ಅಪಘಾತಗಳ ಒಟ್ಟು ಲೆಕ್ಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

ನಮ್ಮ ದೇಶದಲ್ಲಿಯೂ ಈ ತಿಳಿವಳಿಕೆಗೆ ಎಡೆಯುಂಟು. ೨೦೨೦ರಲ್ಲಿ ರೋಹ್ತಾಂಗ್ ಕಣಿವೆಯ ಕೆಳಗೆ ಅಟಲ್ ಸುರಂಗವು ತೆರೆದ ಮೇಲೆ, ಹಿಮ ನೋಡಲು ಮನಾಲಿಗೆ ಹೋಗುವ ಕುಟುಂಬಗಳು ಚಳಿಗಾಲದಲ್ಲಿ ಇನ್ನೂ ಮುಂದಕ್ಕೆ ಹೋಗುವುದು ಸಾಧ್ಯವಾಗಿದೆ. ಬೆಟ್ಟದ ಇಳಿಜಾರು ರಸ್ತೆಯಲ್ಲಿ ಮಂಜುಗಡ್ಡೆಯಿದ್ದರೆ ಲೆಕ್ಕವು ಇನ್ನೂ ಕಠಿನವಾಗುವುದು. ಹತ್ತು ಮೀಟರಿಗೆ ಒಂದು ಮೀಟರು ಇಳಿಯುವ ಇಳಿಜಾರಿನಲ್ಲಿ ಬಂಡಿಯ ಭಾರದ ಹತ್ತನೆಯ ಒಂದು ಪಾಲು ಅದನ್ನು ಕೆಳಕ್ಕೆ ಎಳೆಯುವುದು. ಮಂಜುಗಡ್ಡೆಯ ಹಿಡಿತವೂ ಹತ್ತನೆಯ ಒಂದು ಪಾಲೇ. ಹಿಡಿದು ನಿಲ್ಲಿಸಲು ಏನೂ ಉಳಿಯದು. ಅಂಥ ಕಡೆ ಯಾವ ಬ್ರೇಕೂ ಬಂಡಿಯನ್ನು ನಿಲ್ಲಿಸದು. ಅಂಥ ರಸ್ತೆಗೆ ಗಾಲಿಗಳಿಗೆ ಸರಪಣಿ ಕಟ್ಟಿದ ಬಂಡಿಯಲ್ಲಿ, ಆ ನೆಲವನ್ನು ಬಲ್ಲ ಸ್ಥಳೀಯ ಚಾಲಕರೊಡನೆ ಹೋಗಬೇಕು. ಅವರು ಬೇಡವೆಂದ ದಿನ ಹೋಗಬಾರದು. ಇನ್ನು ಹಿಮವಿಲ್ಲದ ನಮ್ಮ ನಾಡಿನಲ್ಲಿಯೂ, ೧೨೫ ಸಿ.ಸಿ.ಗೆ ಮೇಲ್ಪಟ್ಟ ಹೊಸ ಮೋಟಾರು ಸೈಕಲುಗಳಿಗೆ ೨೦೧೯ರ ಏಪ್ರಿಲಿನಿಂದ ಎ.ಬಿ.ಎಸ್. ಕಡ್ಡಾಯವಾಗಿದೆ. ಮಳೆಯಲ್ಲಿ ನೆನೆದ ಘಟ್ಟದ ರಸ್ತೆಯಲ್ಲಿ ಅದು ಪ್ರಾಣ ಉಳಿಸುವ ಸಾಧನವೇ ಸರಿ. ಆದರೆ ರಸ್ತೆಯ ಅಂಚಿನ ಸಡಿಲ ಜಲ್ಲಿಯ ಮೇಲೆ ಮೇಲೆ ಹೇಳಿದ ನಿಯಮವೇ ನಡೆಯುವುದೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಹೊರದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಹೇಳಬೇಕಾದುದಿಷ್ಟು: ಎ.ಬಿ.ಎಸ್. ಬ್ರೇಕು ನಿಮಗೆ ದಾರಿ ತಪ್ಪಿಸಿಕೊಳ್ಳಲು ಅವಕಾಶ ಕೊಡುವುದು. ನಿಲ್ಲಲು ಬೇಕಾದ ದೂರವನ್ನು ನೀವೇ ಮುಂದಾಗಿ ಇಟ್ಟುಕೊಂಡಿರಬೇಕು. ಹಿಮ ಬಿದ್ದ ದಿನ ಅರ್ಧ ಗಂಟೆ ಮೊದಲು ಹೊರಡಿರಿ. ಹೊರಡದೆ ನಡೆಯುವ ಕೆಲಸವಾದರೆ ಹೊರಡಲೇಬೇಡಿರಿ. ಇಲ್ಲಿರುವ ತಂದೆತಾಯಿಗಳಿಗೂ ಒಂದು ಮಾತು. ಮಗಳ ಬಂಡಿಯಲ್ಲಿ ಎಂಥ ಬ್ರೇಕಿದೆಯೆಂದು ಕೇಳುವುದರ ಜೊತೆಗೆ ಚಳಿಗಾಲದ ಟೈರು ಹಾಕಿಸಿದೆಯೇ ಎಂದು ಕೇಳಿರಿ. ಅವಳು ಕೆಲಸಕ್ಕೆ ಹೊರಡುವ ಮತ್ತು ಮನೆಗೆ ಹಿಂದಿರುಗುವ ವೇಳೆಯನ್ನು ಅರಿತುಕೊಂಡು ಆ ಹೊತ್ತಿನಲ್ಲಿ ಟೆಲಿಫೋನು ಮಾಡದಿರಿ. ಮನೆ ಸೇರಿದ ಮೇಲೆ ಅವಳೇ ಮಾತನಾಡಲಿ. ಅಂದು ತಡವಾದರೆ, ಅವಳು ನಿಧಾನವಾಗಿ ಬರುತ್ತಿದ್ದಾಳೆಂದು ತಿಳಿದು ತಾಳ್ಮೆಯಿಂದಿರಿ.